ಜರ್ಮನ್ ಮುದ್ರೆ, ಕೋಣನಕುಂಟೆ ಹುಣಸೆಹಣ್ಣು

ಹಳೆಯ ಸಾಮಾನಿನ ಅಂಗಡಿಯಲ್ಲಿ ಕೂತವನಿಗೆ ನಗುವಿಗೆ ಬರವಿಲ್ಲ. ಆಮೇಲೆ ಮನಸ್ಸಿಗೆ ಕವಿಯುವ ಮಂಕಿಗೂ ಬರವಿಲ್ಲ.

ಬಿ.ಎಸ್ಸಿ. ಮುಗಿಸಿ ಬೇರೆ ಕೆಲಸ ಸಿಗದೆ ಜಯನಗರದ ಅಂಥದೊಂದು ಅಂಗಡಿ ಸೇರಿದ್ದೆ. ಎರಡನೇ ಮಹಾಯುದ್ಧಕ್ಕೆ ಹೋಗಿದ್ದ ನಮ್ಮ ಸಿಪಾಯಿಗಳು ತಂದ ಜರ್ಮನ್ ಸಾಮಾನನ್ನು ಪರದೇಶದವರು ಹುಡುಕಿಕೊಂಡು ಬಂದು ಕೊಳ್ಳುತ್ತಿದ್ದರು. ಅಸಲಿಯೋ ನಕಲಿಯೋ ಹೇಳುವುದು ನನ್ನ ಕೆಲಸ. ಜರ್ಮನ್ ಕಾರ್ಖಾನೆಗಳು ಲೋಹದ ಮೇಲೆ ತಮ್ಮ ಗುರುತಿನ ಅಕ್ಷರ ಗುದ್ದುತ್ತಿದ್ದವು. ಗುದ್ದಿದ ಅಕ್ಷರದ ಅಂಚು ಚೂಪು. ಎರಕ ಹೊಯ್ದ ನಕಲಿಯದು ಮೊಂಡು. ಭೂತಗನ್ನಡಿಯಲ್ಲಿ ತಿಳಿಯುತ್ತದೆ.

೧. ಮೂರು ಮುದ್ರೆ

ಅಂಗಡಿಯ ಯಜಮಾನರು ಬೆಲ್ಟಿನ ಬಿಲ್ಲೆಯೊಂದನ್ನು ತಂದರು. ಒಂದೇ ಗುರುತು ಮೂರು ಕಡೆ ಇತ್ತು.

“ನಕಲಿ,” ಅಂದೆ. “ಮೂರೂ ಮೊಂಡು. ಅಸಲಿಗೆ ಒಂದೇ ಸಾಕು.”

“ಏನ್ರೀ ನೀವು! ಒಂದೇ ಸೀಲಿರೋ ಕಾಗದಾನ ನಮ್ಮ ಕಚೇರಿಗಳಲ್ಲಿ ಯಾರಾದ್ರೂ ನಂಬ್ತಾರಾ?”

೨. ಊಟದ ಡಬ್ಬಿ

ಕೋಣನಕುಂಟೆಯಿಂದ ಒಬ್ಬ ನಿವೃತ್ತ ಹವಾಲ್ದಾರರು ಸಿಪಾಯಿಗಳ ಊಟದ ಡಬ್ಬಿಯೊಂದನ್ನು ತಂದರು. ಮಾರಲಿಕ್ಕಲ್ಲ.

“ನಾನು ಯುದ್ಧಕ್ಕೇ ಹೋಗಿಲ್ಲ, ಇಲ್ಲೇ ಜಾಲಹಳ್ಳಿ ಮಿಲಿಟರಿ ಕ್ಯಾಂಪು ದಾಟೇ ಇಲ್ಲ ಅಂತಾರೆ ನಮ್ಮೂರೋರು. ಅರೆಕೆರೆ ಹುಡುಗ ಒಬ್ಬ ನನ್ನ ಪಕ್ಕದಲ್ಲೇ ಮರಳುಗಾಡಲ್ಲಿ ಸತ್ತ ಸಾರ್. ಅವನ ಕಥೆ ಶುರು ಮಾಡಿದ್ರೆ ನಗ್ತಾರೆ. ಇದು ಜರ್ಮನ್ರದು ಅಂತ ನೀವು ಬಂದು ಒಂದು ಮಾತು ಹೇಳ್ಬೇಕು.”

ಡಬ್ಬಿ ತಿರುಗಿಸಿದೆ. ಗುರುತು ಇರಬೇಕಾದ ಜಾಗದಲ್ಲಿ ‘ಸೌ. ಗೌರಮ್ಮ’ ಎಂದು ಕೊರೆದಿತ್ತು.

“ನಮ್ಮನೆಯೋಳು,” ಅಂದರು ತಲೆತಗ್ಗಿಸಿ. “ಮದುವೆ ಮನೇಲಿ ಪಾತ್ರೆ ಅದಲುಬದಲಾಗುತ್ತೆ ಅಂತ ಎಲ್ಲದಕ್ಕೂ ಹೆಸರು ಹಾಕಿಸಿದ್ಲು.”

“ಸರಿಯಾಗಿ ಗುರುತಿನ ಮೇಲೇನಾ?”

“ಅಲ್ಲೇನೋ ಗೀಚಿತ್ತಂತೆ. ಕೊರೆಯೋನು ಉಜ್ಜಿ ನೀಟು ಮಾಡಿಕೊಟ್ಟ.”

ಯಜಮಾನರು ಇಣುಕಿ ನೋಡಿ ನನ್ನ ಕಿವಿಯಲ್ಲಿ ಕೇಳಿದರು: “ಗೌರಮ್ಮನ ಕಾರ್ಖಾನೆ ಬರ್ಲಿನ್‌ನಲ್ಲಿತ್ತೇನ್ರಿ?”

೩. ಬಂದೂಕಿನ ಬಾಕು

ಮುಂದಿನ ವಾರ ಹವಾಲ್ದಾರರು ಬಂದೂಕಿನ ತುದಿಗೆ ಸಿಕ್ಕಿಸುವ ಬಾಕು ತಂದರು. ಕನ್ನಡಿಯಂತೆ ಹೊಳೆಯುತ್ತಿತ್ತು. ಅಕ್ಷರದ ಸುಳಿವೇ ಇಲ್ಲ.

“ಪ್ರತಿ ಆಯುಧಪೂಜೆಗೂ ನಮ್ಮನೆಯೋಳು ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ತಾಳೆ. ಎಷ್ಟು ಹೇಳಿದ್ರೂ ಕೇಳಲ್ಲ.”

ಅವರ ಮುಖ ನೋಡಲಾಗಲಿಲ್ಲ. ಒಂದು ದಾರಿ ಹೊಳೆಯಿತು. ಗುದ್ದಿದ ಕಡೆ ಉಕ್ಕು ಒಳಗೂ ಒತ್ತಿಕೊಂಡಿರುತ್ತದೆ. ಮೇಲೆ ಸವೆದರೂ ಆಮ್ಲಕ್ಕೆ ಆ ವ್ಯತ್ಯಾಸ ಗೊತ್ತಾಗುತ್ತದೆ. ತೆಳು ಆಮ್ಲ ಹತ್ತಿಗೆ ಅದ್ದಿ ಮೆಲ್ಲಗೆ ಒರೆಸಿದೆ. ಮಸುಕಾಗಿ ಮೂರು ಅಕ್ಷರ ಎದ್ದವು. ಯುದ್ಧಕಾಲದ ಜರ್ಮನ್ ಗುರುತೇ.

ಹವಾಲ್ದಾರರ ಕಣ್ಣು ತುಂಬಿತು. 

“ಇನ್ನು ಮನೇಲಿ ತಿಕ್ಕೋಕೆ ಬಿಡಬೇಡಿ,” ಅಂದೆ.

“ಜರ್ಮನ್ರ ಕೈಯಿಂದ ಕಿತ್ಕೊಂಡಿದ್ದೇ ಸುಲಭ ಸಾರ್.”

೪. ಅರಳಿಕಟ್ಟೆ

ಭಾನುವಾರ ಕನಕಪುರ ರಸ್ತೆ ಹಿಡಿದು ಸೈಕಲ್ಲಿನಲ್ಲಿ ಕೋಣನಕುಂಟೆಗೆ ಹೋದೆ. ಕಟ್ಟೆಯ ಮೇಲೆ ಊರ ಹಿರಿಯರಿದ್ದರು. ಹವಾಲ್ದಾರರು ಹಳೆಯ ಪದಕ ಧರಿಸಿ ನಿಂತಿದ್ದರು. ನಾನು ಗುರುತು ತೋರಿಸಿ, ಇದು ಯುದ್ಧದಲ್ಲಿ ಜರ್ಮನ್ ಸಿಪಾಯಿಗಳು ಹಿಡಿದಿದ್ದ ಬಾಕು, ಅನುಮಾನವೇ ಇಲ್ಲ ಅಂದೆ.

ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಯಾರೂ ನಗಲಿಲ್ಲ.

ಕೊನೆಗೆ ಪಟೇಲರು ಕೇಳಿದರು: “ಖಂಡಿತ ಜರ್ಮನ್ರದೇನಾ ಸ್ವಾಮಿ?”

“ಖಂಡಿತ.”

“ನಮ್ಮ ಕಡೆ ಸಿಪಾಯಿಗಳಿಗೆ ಇದನ್ನ ಕೊಡ್ತಿರಲಿಲ್ಲವಾ?”

“ಇಲ್ಲ.”

ಪಟೇಲರು ಹವಾಲ್ದಾರರ ಕಡೆ ತಿರುಗಿದರು. “ಅಲ್ಲಯ್ಯಾ, ಇಷ್ಟು ವರ್ಷ ಬಾಯಿ ಬಿಡ್ಲಿಲ್ಲವಲ್ಲ! ನೀನು ಜರ್ಮನ್ರ ಕಡೆ ಇದ್ಯಾ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಜನ ಹವಾಲ್ದಾರರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಒತ್ತಾಗಿ ಸುತ್ತುವರಿದಿದ್ದರು. ಅವರ ಯುದ್ಧದ ಕಥೆಗೆ ಊರು ಕಿವಿಗೊಟ್ಟಿದ್ದು ಅದೇ ಮೊದಲು.

“ಅವರ ಕಡೆ ಊಟ ಹೇಗಿತ್ತಯ್ಯಾ?” ಅಂದರು ಪಟೇಲರು.

ಹವಾಲ್ದಾರರು ನನ್ನನ್ನು ನೋಡಿದರು. ಸುತ್ತ ಕಾದಿದ್ದ ಮುಖಗಳನ್ನು ನೋಡಿದರು. ಒಂದು ನಿಟ್ಟುಸಿರು ಬಿಟ್ಟರು.

“ಉಪ್ಪು ಕಮ್ಮಿ.”