ಉಪ್ಪಿನ ಭರಣಿಗೆ ಹನ್ನೊಂದು ಹೆಜ್ಜೆ

ಸುಳ್ಳು ಹೇಳುವುದು ಪಾಪ ಎಂದು ಕಾರ್ಕಳದ ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಹತ್ತು ವರ್ಷ ಕಲಿಸಿದ್ದರು. ಗೊತ್ತಿದ್ದೂ ಸುಮ್ಮನಿರುವುದರ ಬಗ್ಗೆ ಅವರು ಏನೂ ಹೇಳಿದ ನೆನಪಿಲ್ಲ. ಆ ದಿನ ನನಗೆ ಜ್ವರ ಇದ್ದಿರಲೂಬಹುದು.

ನಮ್ಮವರು ಕಾಪುವಿನಿಂದ ದಿನಾ ಮಣಿಪಾಲಕ್ಕೆ ಹೋಗುತ್ತಾರೆ. ಅಲ್ಲೊಂದು ದೊಡ್ಡ ಕಂಪನಿಯಲ್ಲಿ ಸಿಸ್ಟಮ್ಸ್ ಎಂಜಿನಿಯರ್. ಒಂದೇ ಯಂತ್ರದ ಭಾಗಗಳನ್ನು ಹತ್ತು ವಿಭಾಗದವರು ಹತ್ತು ಮೂಲೆಯಲ್ಲಿ ಕೂತು ಮಾಡುತ್ತಾರಂತೆ. ಅವು ಕೊನೆಗೆ ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳುವುದು ಇವರ ಕೆಲಸ. ಈಚೆಗೆ ಅಲ್ಲಿಗೆ ‘ಲೀನ್’ ಅನ್ನುವ ಹೊಸ ಪದ್ಧತಿ ಬಂದಿದೆ. ವ್ಯರ್ಥ ಓಡಾಟ, ವ್ಯರ್ಥ ಕಾಯುವಿಕೆ, ವ್ಯರ್ಥ ಮಾತು ಎಲ್ಲ ತೆಗೆಯಬೇಕು. ಏನೇನು ತೆಗೆಯಬಹುದೆಂದು ಶುಕ್ರವಾರ ದೊಡ್ಡ ಸಾಹೇಬರ ಮುಂದೆ ಇವರು ಹೇಳಬೇಕಿತ್ತು. ಅಭ್ಯಾಸಕ್ಕೆ ಸಿಕ್ಕಿದ್ದು ನನ್ನ ಅಡುಗೆಮನೆ.

ಭಾನುವಾರ ಇಡೀ ಸ್ಟೂಲಿನ ಮೇಲೆ ಕೂತು ನನ್ನ ಹೆಜ್ಜೆ ಎಣಿಸಿ ನಕ್ಷೆ ಬಿಡಿಸಿದರು. ಗೆರೆಗಳೆಲ್ಲ ಹೋಗಿ ಹಿಂದಿನ ಕಿಟಕಿಯ ಹತ್ತಿರ ಗಂಟಾಗಿದ್ದವು.

“ಉಪ್ಪು ಯಾಕೆ ಮಾರಾಯ್ತಿ ಅಷ್ಟು ದೂರ? ಹನ್ನೊಂದು ಹೆಜ್ಜೆ ಉಂಟು!”

“ಮೊದಲಿಂದಲೂ ಅಲ್ಲೇ ಅಲ್ವಾ ಇರುವುದು” ಎಂದೆ.

ಕಿಟಕಿಯಾಚೆ ಪಕ್ಕದ ಮನೆಯ ಗ್ರೇಸಿ ಬಾಯಿ ಬಟ್ಟೆ ಒಗೆಯುವ ಕಲ್ಲು ಉಂಟು ಎಂದು ಹೇಳಲಿಲ್ಲ. ಉಪ್ಪಿಗೆ ಹೋದಾಗಲೆಲ್ಲ ನಾವು ಎರಡು ಮಾತು ಆಡುತ್ತೇವೆ. ದಿನದಲ್ಲಿ ನಾನು ಆಡುವ ಮಾತು ಹೆಚ್ಚುಕಡಿಮೆ ಅಷ್ಟೇ. ಇವರು ಭರಣಿಯನ್ನು ಒಲೆಯ ಪಕ್ಕಕ್ಕೆ ತಂದು, ಕಿಟಕಿಗೆ ಅಡ್ಡವಾಗಿ ಅಕ್ಕಿಯ ಡ್ರಮ್ ಇಟ್ಟರು. ಆಫೀಸಿನಲ್ಲಿಯೂ ಹೀಗೆಯೇ ಮಾಡುವುದಂತೆ. ವಿಭಾಗದವರೆಲ್ಲ ಸೇರಿ ಹರಟುವ ಸೋಮವಾರದ ಚಹಾ ಮೊದಲು ಹೋಗಬೇಕಂತೆ.

ಶುಕ್ರವಾರ ಬೆಳಿಗ್ಗೆ ಬಚ್ಚಲಿನಿಂದ ಕೂಗು ಕೇಳಿತು. ತಲೆತುಂಬ ಶ್ಯಾಂಪೂ, ನಲ್ಲಿಯಲ್ಲಿ ಬರೀ ಗಾಳಿ. ಟವೆಲು ಸುತ್ತಿಕೊಂಡು ಬಂದು ತಾವೇ ಡ್ರಮ್ ಸರಿಸಿ ಕಿಟಕಿ ತೆರೆದರು.

“ಬಾಯೀ, ಒಂದು ಬಾಲ್ದಿ ನೀರು ಉಂಟಾ?”

“ಎಂತ ಸರ್, ಪೈಪ್ ರಿಪೇರಿ ಅಂತ ಇಡೀ ಓಣಿಗೇ ಗೊತ್ತು! ನಿಮಗೆ ಮಾತ್ರ ಗೊತ್ತಿಲ್ವಾ?” ಗ್ರೇಸಿ ಬಾಯಿ ನಗುತ್ತಾ ಹಿತ್ತಿಲ ಬಾಗಿಲಿಗೆ ನೀರು ತಂದುಕೊಟ್ಟರು.

ಸಂಜೆ ಇವರು ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದರು. “ಚಹಾ ತೆಗೆಯುವುದು ಬೇಡ ಅಂದೆ. ಅಲ್ಲಿ ಹರಟೆ ನಿಂತರೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟುವುದಿಲ್ಲ, ಎಲ್ಲರ ತಲೆಯಲ್ಲೂ ಶ್ಯಾಂಪೂ ಉಳಿಯುತ್ತದೆ ಅಂದೆ. ಸಾಹೇಬರು ಒಪ್ಪಿದರು!” ಭರಣಿಯನ್ನು ತಾವೇ ಎತ್ತಿ ಕಿಟಕಿಯಲ್ಲಿ ಇಟ್ಟರು.

ನಾನು ಉಪ್ಪಿಗೆ ಹೋದೆ. ಗ್ರೇಸಿ ಬಾಯಿ ಒಣಗಿದ ಬಟ್ಟೆ ತೆಗೆಯುತ್ತಾ ಮೆಲ್ಲಗೆ ಕೇಳಿದರು, “ನೀರು ಇಲ್ಲ ಅಂತ ನಿನ್ನೆ ಮೀನು ತೆಗೆದುಕೊಳ್ಳುವಾಗ ನಿಮಗೆ ಹೇಳಿದ್ದೆನಲ್ಲ ಅಕ್ಕ?”

ಹೇಳಿದ್ದರು. ಅದಕ್ಕೇ ನಾನು ಬೇಗ ಎದ್ದು ಮಿಂದಾಗಿತ್ತು. ಇವರು ಸ್ನಾನಕ್ಕೆ ಹೋಗುವಾಗ ಒಲೆಯ ಮುಂದೆಯೇ ನಿಂತಿದ್ದೆ. ಬಚ್ಚಲ ಬಾಗಿಲಿಗೆ ಹೋಗಿ ಹೇಳಿಬರಲು ಒಂಬತ್ತು ಹೆಜ್ಜೆ. ವ್ಯರ್ಥ ಓಡಾಟ ಅನಿಸಿತು.