ಚೀಟಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯುವ ಕಾಕಾ

ನಮ್ಮ ಕಾಕಾನಷ್ಟು ಓದುಗರನ್ನು ಗಳಿಸಿದ ಬರಹಗಾರ ನಮ್ಮ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಹಾನಗಲ್ಲಿನ ಬಟ್ಟೆ ಅಂಗಡಿಯಿಂದ ಹಿರೇಕೆರೂರಿನ ಬೀಜ ಗೊಬ್ಬರದ ಅಂಗಡಿಯವರೆಗೆ, ಶಿಗ್ಗಾವಿಯ ಖಾನಾವಳಿಯಿಂದ ಸವಣೂರಿನ ಎಲೆ ಅಂಗಡಿಯವರೆಗೆ ದಿನ ಬೆಳಗಾದರೆ ಜನ ಅವನು ಬರೆದದ್ದನ್ನು ತಲೆಯೆತ್ತಿ ಓದುತ್ತಾರೆ. ಈ ನಾಲ್ಕು ತಾಲೂಕಿನಲ್ಲಿ ಅವನ ಒಂದಕ್ಷರವನ್ನೂ ಓದದ ಮನುಷ್ಯ ಒಬ್ಬನೇ ಒಬ್ಬ. ಯಾರು ಅಂತೀರಿ? ನಮ್ಮ ಕಾಕಾ!

ಹೌದು, ಅಂಗಡಿಗಳ ಬೋರ್ಡು ಬರೆಯುವ ನಮ್ಮಪ್ಪನ ತಮ್ಮನಿಗೆ ಓದಲು ಬರುವುದಿಲ್ಲ. ಎರಡನೇ ಇಯತ್ತೆಯಲ್ಲಿ ಪಾಟಿಯ ಮೇಲೆ ಕಾಗುಣಿತದ ಬದಲು ಶಾಲೆಯ ಅಂಗಳದಲ್ಲಿ ಮಲಗಿದ್ದ ನಾಯಿಯ ಚಿತ್ರ ಬರೆದನಂತೆ. ಮಾಸ್ತರರು ಪಾಟಿ ಕಸಿದು ನಾಯಿಯನ್ನು ಒರೆಸಿದರು. ನಾಯಿಯನ್ನು ಒರೆಸಿದವರ ಹತ್ತಿರ ಕಲಿಯುವುದೇನಿದೆ ಎಂದು ಕಾಕಾ ಎದ್ದು ಮನೆಗೆ ಬಂದ. ಅಲ್ಲಿಗೆ ಅವನ ವಿದ್ಯಾಭ್ಯಾಸ ಸಂಪೂರ್ಣವಾಯಿತು!

ಹಾಗಾದರೆ ಬೋರ್ಡು ಹೇಗೆ ಬರೆಯುತ್ತಾನೆ? ಗಿರಾಕಿ ಚೀಟಿ ಕೊಡಬೇಕು. ಕಾಕಾನಿಗೆ ಅಕ್ಷರವೂ ಒಂದು ಚಿತ್ರವೇ. ಒಂದು ಅಕ್ಷರ ಬಾಲ ಸುತ್ತಿಕೊಂಡು ಮಲಗಿದ ನಾಯಿಯಂತೆ, ಇನ್ನೊಂದು ಕತ್ತೆತ್ತಿ ನಿಂತ ಕುದುರೆಯಂತೆ. ಚೀಟಿಯಲ್ಲಿ ಇದ್ದದ್ದನ್ನು ಇದ್ದಂತೆ, ಕೈ ನಡುಗದೆ, ಮೊಳದುದ್ದ ಮಾಡಿ ಹಲಗೆಗೆ ಇಳಿಸುತ್ತಾನೆ. ಆಮೇಲೆ ಮೂಲೆಯಲ್ಲಿ ಒಂದು ನಾಯಿಯನ್ನೋ ಕುದುರೆಯನ್ನೋ ನಿಲ್ಲಿಸುತ್ತಾನೆ. ಅದಕ್ಕೆ ಚೀಟಿಯೂ ಬೇಡ, ಗಿರಾಕಿಯ ಒಪ್ಪಿಗೆಯೂ ಬೇಡ. ಕ್ಷೌರದಂಗಡಿಯ ಬೋರ್ಡಿನಲ್ಲಿ ಜೂಲು ಬಾಚಿಸಿಕೊಂಡ ಕುದುರೆ, ದರ್ಜಿಯ ಬೋರ್ಡಿನಲ್ಲಿ ಕೊರಳಿಗೆ ಟೇಪು ಹಾಕಿಕೊಂಡ ನಾಯಿ. ಈಗ ಫ್ಲೆಕ್ಸ್ ಬಂದಿದೆ ನಿಜ. ಆದರೆ ಫ್ಲೆಕ್ಸು ಎರಡು ಮಳೆಗಾಲಕ್ಕೆ ಬೆಳ್ಳಗಾಗುತ್ತದೆ, ಕಾಕಾನ ನಾಯಿಗಳು ಇನ್ನೂ ಬೊಗಳುವಂತಿವೆ.

ಹತ್ತಿಮತ್ತೂರಿನ ನಮ್ಮ ಮನೆಯ ಮಗ್ಗುಲಿಗೇ ಅವನ ಮನೆ. ಮನೆ ಎಂದರೆ ಒಂದು ಕೋಣೆ, ಒಂದು ಲಾಯ. ಲಾಯ ಕೋಣೆಗಿಂತ ದೊಡ್ಡದು. ಅದರಲ್ಲಿ ಸವಣೂರಿನ ಮುದುಕರೊಬ್ಬರು ಟಾಂಗಾ ಹೊಡೆಯುವುದನ್ನು ಬಿಟ್ಟಾಗ ಟಾಂಗಾ ಸಮೇತ ಇವನಿಗೆ ಒಪ್ಪಿಸಿದ ಬಿಳಿ ಕುದುರೆ. ಹೆಸರು ಮೆಹಬೂಬಾ. ಜೊತೆಗೆ ಎರಡು ನಾಯಿ, ವಾರ್ನಿಶ್ ಮತ್ತು ಟರ್ಪೆಂಟೈನ್. ಪೇಂಟಿನ ಡಬ್ಬಿ, ಕುಂಚ, ನಾಯಿಗಳನ್ನು ಟಾಂಗಾದಲ್ಲಿ ಹೇರಿಕೊಂಡು ಕಾಕಾ ಊರೂರು ತಿರುಗುತ್ತಾನೆ. ಮನುಷ್ಯರನ್ನೆಲ್ಲ 'ಬಾರೋ, ಹೋಗೋ' ಎನ್ನುವ ಇವನು ಪ್ರಾಣಿಗಳಿಗೆ ಮಾತ್ರ 'ಬರ್ರಿ, ಹೋಗ್ರಿ' ಎನ್ನುತ್ತಾನೆ! ಒಮ್ಮೆ ಊರ ಹಿರಿಯರೊಬ್ಬರು ಬಂದಾಗ ಕಾಕಾ ಬಹಳ ಮರ್ಯಾದೆಯಿಂದ, "ಕುಂದರ್ರಿ, ಕುಂದರ್ರಿ" ಎಂದ. ಹಿರಿಯರು ಸಂತೋಷದಿಂದ ಕಂಬಳಿಯ ಮೇಲೆ ಕೂತರು.

"ಏ, ನಿನಗಲ್ಲೋ! ವಾರ್ನಿಶ್ ಅವರಿಗೆ ಅಂದೆ. ಏಳು, ಅದು ಅವರ ಜಾಗಾ!"

ಇಂಥವನಿಗೆ ಹೆಣ್ಣು ಯಾರು ಕೊಡುತ್ತಾರೆ? ಆದರೂ ನಮ್ಮಪ್ಪ ಸೋಲದೆ ಹಿರೇಕೆರೂರಿನ ಕಡೆ ಒಂದು ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದ. ಅವಲಕ್ಕಿ ಬಂತು, ಚಹಾ ಬಂತು, ಹುಡುಗಿ ಬಂದಳು, ಹೋದಳು. ಕಾಕಾ ಮಾತ್ರ ಬಾಗಿಲ ಕಡೆಗೇ ನೋಡುತ್ತ ಕೂತಿದ್ದ. ಹುಡುಗಿಯ ಅಪ್ಪ ಸಂಕೋಚದಿಂದ ಕೇಳಿದರು.

"ಹೆಂಗರಿ, ಮನಸಿಗೆ ಬಂತೇನ್ರಿ?"

"ಭಾಳ ಚಂದ ಐತಿ. ಒಂದ ಕಿವಿ ಅಷ್ಟ ಹರದೈತಿ. ಯಾವ ನಾಯಿ ಕಡದಿತ್ತೋ?"

ಅವರ ಬಾಗಿಲಲ್ಲಿ ಒಂದು ಕಂದು ನಾಯಿ ಮಲಗಿತ್ತು. ಅದೇ ಈಗಿನ ಟರ್ಪೆಂಟೈನ್. ಹುಡುಗಿ ಬರಲಿಲ್ಲ, ನಾಯಿ ಬಂತು!

ಅವನ ಬರಹದ ಬಾಳಿನಲ್ಲಿ ದೊಡ್ಡ ಅನಾಹುತವಾದದ್ದು ನಮ್ಮೂರ ಹಿಟ್ಟಿನ ಗಿರಣಿಯ ಬೋರ್ಡಿನಲ್ಲಿ. ಗಿರಣಿಯ ಸಾಹೇಬರು ಶಿಸ್ತಿನ ಮನುಷ್ಯರು. ತಮಗೆ ಬೇಕಾದದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕಳಿಸಿದರು. ಮೂರನೆಯ ದಿನ ಗಿರಣಿಯ ಮೇಲೆ ಕೆಂಪು ಬಣ್ಣದಲ್ಲಿ ಬೋರ್ಡು ಮಿಂಚತೊಡಗಿತು: 'ಹಿಟ್ಟಿನ ಗಿರಣಿ. ಜೋಳ, ಗೋದಿ ಬೀಸಿಕೊಡಲಾಗುವುದು. ಅಕ್ಷರ ದಪ್ಪ ಇರಲಿ. ಶುಕ್ರವಾರದೊಳಗೆ ಬೇಕು. ನಾಯಿ, ಕುದುರೆ ಬೇಡ.' ಅದರ ಕೆಳಗೆ ಅಂದವಾದ ಒಂದು ನಾಯಿ, ಒಂದು ಕುದುರೆ!

ಸಾಹೇಬರು ಉರಿದುಕೊಂಡು ಬಂದರು. "ಏನ್ ಮಾಡಿದ್ಯೋ ಇದು? ಇಡೀ ಊರು ನಗಾಕತ್ತೈತಿ!"

"ಚೀಟ್ಯಾಗ ಇದ್ದದ್ದನ್ನ ಬರದೇನಿ. ಒಂದ ಅಕ್ಷರ ಕಡಿಮಿ ಐತೇನು ಎಣಸು."

"ಅಳಿಸು ಮೊದಲ!"

"ಪೇಂಟ್ ಒಣಗೈತೋ ಸಾಹೇಬ. ಇನ್ನ ಅಳಿಸಾಕ ಬರೂದಿಲ್ಲ."

ಆ ಬೋರ್ಡು ನೋಡಲೆಂದೇ ಹುಲಗೂರಿನಿಂದ, ತಡಸದಿಂದ ಜನ ಜೋಳ ಹೊತ್ತು ಬರತೊಡಗಿದ ಮೇಲೆ ಸಾಹೇಬರೂ ಸುಮ್ಮನಾದರು. ಆದರೆ ಕಾಕಾ ಮಾತ್ರ ಹೆದರಿದ. ಒಂದು ದಿನ ನನ್ನನ್ನು ಕರೆದ. ನಾನಾಗ ಮೂರನೇ ಇಯತ್ತೆ. ಒಂದು ಚೀಟಿಯನ್ನು ನನ್ನ ಕೈಗಿಟ್ಟು, "ಮಗಳ, ಇದರಾಗ ಬೋರ್ಡಿಗೆ ಹೋಗೂದು ಎಷ್ಟು, ನನಗ ಹೇಳಿದ್ದು ಎಷ್ಟು, ಗೆರಿ ಎಳದು ಕೊಡು" ಎಂದ. ಅಂದಿನಿಂದ ನಾನು ಗೆರೆ ಎಳೆದ ಚೀಟಿಯನ್ನಷ್ಟೇ ಅವನು ಮುಟ್ಟುತ್ತಿದ್ದ. ಸಂಬಳವಾಗಿ ಪ್ರತಿ ಜೂನ್ ತಿಂಗಳು ನನ್ನ ಪುಸ್ತಕಗಳಿಗೆಲ್ಲ ಖಾಕಿ ರಟ್ಟು ಹಾಕಿ, ಮೇಲೆ ನನ್ನ ಹೆಸರು ಬರೆದು, ಕೆಳಗೊಂದು ನಾಯಿ ಬರೆದುಕೊಡುತ್ತಿದ್ದ. ಗಣಿತದ ಪುಸ್ತಕಕ್ಕೆ ಮಾತ್ರ ಕುದುರೆ. ಅದು ಓಡಬೇಕಲ್ಲ!

ಹತ್ತನೇ ಇಯತ್ತೆ ಮುಗಿದಾಗ ನಮ್ಮಪ್ಪ, ಇನ್ನು ಸಾಕು ಎಂದ. ನಮ್ಮ ಮನೆತನದಲ್ಲಿ ಅಷ್ಟು ಓದಿದವರೂ ಯಾರೂ ಇರಲಿಲ್ಲ. ಮುಂದಿನ ಕಾಲೇಜು ಸವಣೂರಿನಲ್ಲಿ. ನಾನು ಒಲೆಯ ಮುಂದೆ ಕೂತು ಅಳುತ್ತಿದ್ದೆ. ಕಾಕಾ ಕುಂಚ ಹಿಡಿದುಕೊಂಡೇ ಒಳಗೆ ಬಂದ.

"ಅಣ್ಣಾ, ಇಕೀನ ಬಿಡಸ್ತೀಯಂತ?"

"ಹೆಣ್ಣ ಹುಡಗಿ. ಒಬ್ಬಕೀ ಸವಣೂರಿಗೆ ಹೆಂಗ ಅಡ್ಡಾಡ್ತಾಳ?"

"ಒಬ್ಬಕೀ ಯಾಕ? ಬಸ್ ಸ್ಟ್ಯಾಂಡ್ ತನಕ ವಾರ್ನಿಶ್ ಅವರು ಹೋಗ್ತಾರ. ಬಸ್ ತಪ್ಪಿದ್ರ ಮೆಹಬೂಬಾ ಅವರು ಅದಾರ."

"ಓದಿ ಏನ್ ಮಾಡಾಕಿ ಅದಾಳ?"

"ನನಗ ಚೀಟಿ ಓದಿ ಹೇಳಾಕ ಯಾರರ ಬ್ಯಾಡೇನು? ಇಕೀ ಓದೂದು ಬಿಟ್ರ ನಾ ಕುಂಚ ಬಿಡ್ತೇನಿ. ಕುದರಿ, ನಾಯಿ ಎಲ್ಲಾ ತಂದು ನಿನ್ನ ಪಡಸಾಲ್ಯಾಗ ಕಟ್ತೇನಿ. ಹೆಂಗ ನೋಡು!"

ಅಪ್ಪ ಪಡಸಾಲೆಯನ್ನೊಮ್ಮೆ ನೋಡಿದ. ಮೆಹಬೂಬಾಳ ಗಾತ್ರ ನೆನೆಸಿಕೊಂಡ. ನಾನು ಕಾಲೇಜು ಸೇರಿದೆ.

ಆಮೇಲೆ ಐದು ವರ್ಷ ವಾರ್ನಿಶ್ ಒಂದು ದಿನವೂ ರಜೆ ಹಾಕಲಿಲ್ಲ. ನಾನು ಬಸ್ಸು ಹತ್ತುವವರೆಗೆ ನಿಂತಿರುತ್ತಿತ್ತು, ಸಂಜೆ ಇಳಿಯುವ ಹೊತ್ತಿಗೆ ಅದೇ ಜಾಗದಲ್ಲಿ ಕೂತಿರುತ್ತಿತ್ತು. ಕಂಡಕ್ಟರು ಅದನ್ನು ಕಂಡು, "ಇಳೀರಿ ಅಕ್ಕಾರ, ನಿಮ್ಮ ಸಾಹೇಬರು ಕಾಯಾಕತ್ತಾರ" ಎನ್ನುತ್ತಿದ್ದ.

ಬಿ.ಎ. ಮೊದಲ ವರ್ಷದಲ್ಲಿ ಒಂದು ದಿನ, ಅದೂ ಪರೀಕ್ಷೆಯ ದಿನ, ಬಸ್ಸು ಬರಲಿಲ್ಲ. ಕಾಕಾ ಟಾಂಗಾ ಕಟ್ಟಿದ. ಎರಡು ನಾಯಿ, ಏಳೆಂಟು ಡಬ್ಬಿ, ಅರ್ಧ ಬರೆದ ಕೋಳಿ ಅಂಗಡಿಯ ಬೋರ್ಡು, ಇವುಗಳ ನಡುವೆ ನಾನು. ಗೇಟಿನ ಹೊರಗೆ ಇಳಿಸು ಎಂದರೆ ಕೇಳಲಿಲ್ಲ. ಟಾಂಗಾ ಸೀದಾ ಕಾಲೇಜಿನ ಅಂಗಳಕ್ಕೇ ನುಗ್ಗಿತು. ಮೆಹಬೂಬಾ ದಾಸವಾಳದ ಸಾಲಿಗೆ ಬಾಯಿ ಹಾಕಿದಳು. ಟರ್ಪೆಂಟೈನ್ ಧ್ವಜದ ಕಟ್ಟೆ ಹತ್ತಿ ಬೊಗಳಿತು. ಎಲ್ಲ ಕಿಟಕಿಗಳಲ್ಲೂ ತಲೆಗಳು! ಪ್ರಾಚಾರ್ಯರೇ ಹೊರಗೆ ಬಂದರು. ಅವರ ಕಣ್ಣು ಕಾಕಾನ ಬಣ್ಣ ಮೆತ್ತಿದ ಅಂಗಿಯ ಮೇಲೆ ನಿಂತಿತು.

"ಇವರು ಯಾರಮ್ಮಾ?"

ಗೆಳತಿಯರು ನೋಡುತ್ತಿದ್ದರು. ನನ್ನ ಬಾಯಿಂದ ಬಂದ ಮಾತು ಇದು: "ನಮ್ಮೂರ ಟಾಂಗಾದವ್ರಿ, ಸರ್."

ಕಾಕಾ ಕೇಳಿಸಿಕೊಂಡ. ಕುದುರೆಯ ಬಾಯಿಂದ ಹೂವಿನ ಟೊಂಗೆ ಬಿಡಿಸಿ, ಟಾಂಗಾ ತಿರುಗಿಸಿಕೊಂಡು ಹೋದ. ಮುಂದೆ ಬಸ್ಸು ತಪ್ಪಿದಾಗಲೆಲ್ಲ ಅವನೇ ದೂರದ ಎಲೆ ಅಂಗಡಿಯ ಮೂಲೆಯಲ್ಲಿ ಟಾಂಗಾ ನಿಲ್ಲಿಸಿಬಿಡುತ್ತಿದ್ದ. "ಇಲ್ಲಿಂದ ನಡಕೋತ ಹೋಗು ಮಗಳ. ಆ ಕಾಲೇಜಿನ ಹೂವ ಮೆಹಬೂಬಾ ಅವರಿಗೆ ಒಗ್ಗೂದಿಲ್ಲ" ಎನ್ನುತ್ತಿದ್ದ. ನಾನು ನಡೆಯುತ್ತಿದ್ದೆ. ಪ್ರತಿ ಸಲವೂ ಆ ದಾರಿ ಊರಿಂದ ಬಂದ ದಾರಿಗಿಂತ ಉದ್ದವಾಗಿ ಕಾಣುತ್ತಿತ್ತು. ತಪ್ಪಾಯಿತು ಕಾಕಾ ಎನ್ನಲು ಎರಡು ವರ್ಷ ಬಾಯಿ ಬರಲಿಲ್ಲ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವವಳಿಗೆ ಎರಡು ಶಬ್ದ!

ನಾನು ಬಿ.ಎ. ಪಾಸಾದೆ. ಹೇಳಿಕೊಳ್ಳುತ್ತೇನೆ, ಯಾಕೆ ನಾಚಿಕೆ? ನಮ್ಮ ಮನೆತನದ ಮೊದಲ ಪದವಿ ಅದು. ಅಂದು ಬೆಳಿಗ್ಗೆ ಕಾಕಾ ಟಾಂಗಾದ ಸೀಟಿನ ಕೆಳಗಿಂದ ಒಂದು ಹಲಗೆ ತೆಗೆದ. ನೀಲಿ ಬಣ್ಣದ ಮೇಲೆ ಹಳದಿಯಲ್ಲಿ ನನ್ನ ಹೆಸರು. ಮೂಲೆಯಲ್ಲಿ ವಾರ್ನಿಶ್, ಟರ್ಪೆಂಟೈನ್, ಮೆಹಬೂಬಾ, ಮೂವರೂ ಸಾಲಾಗಿ.

"ಕಾಕಾ, ಚೀಟಿ ಯಾರು ಬರದುಕೊಟ್ರು?"

"ನಿನ್ನ ಹೆಸರಿಗೆ ಚೀಟಿ ಯಾಕ? ಅಷ್ಟು ವರ್ಷ ನಿನ್ನ ಪುಸ್ತಕದ ಮ್ಯಾಲ ಬರದೇನಿ. ನಮ್ಮ ಕುದರಿ ಚಿತ್ರಾ ತಗಿಯಾಕ ಚೀಟಿ ನೋಡ್ತೇನೇನು?" ಎಂದವನು ಹೆಸರಿನ ಕೆಳಗಿದ್ದ ಖಾಲಿ ಜಾಗ ತೋರಿಸಿದ. "ಇಲ್ಲಿ ನೀ ಪಾಸಾಗಿದ್ದು ಬರೀಬೇಕು. ಅದನ್ನ ಚೀಟ್ಯಾಗ ಬರದು ಕೊಡು."

ನಾನು ಬರೆದುಕೊಟ್ಟೆ. ಕಾಕಾ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಬಿ.ಎ. ಅಂದ್ರ ಇಷ್ಟುದ್ದ ಇರತೈತೇನು?"

"ಐದ ವರ್ಷದ ಓದು ಕಾಕಾ. ಉದ್ದ ಇರತೈತಿ."

"ಗೆರಿ ಎಳದಿಲ್ಲಲ್ಲ?"

"ಎಲ್ಲಾ ಬೋರ್ಡಿಗೆ ಹೋಗೂದ ಐತಿ."

ಅವನಿಗೆ ನನ್ನ ಮೇಲೆ ಅನುಮಾನವೇ? ನಾಲಿಗೆ ಹೊರಗೆ ಚಾಚಿ ಮಧ್ಯಾಹ್ನದವರೆಗೆ ಬರೆದ. ಸಂಜೆಯ ಬಿಸಿಲಿಗೆ ಒಣಗಿಸಿ, ಮರುದಿನ ನಮ್ಮ ಬಾಗಿಲ ಮೇಲೆ ಮೊಳೆ ಹೊಡೆದು ನಿಲ್ಲಿಸಿದ. ಆಗಲೇ ಗಿರಣಿಯ ಸಾಹೇಬರು ಆ ದಾರಿಯಲ್ಲಿ ಬಂದರು. ಕಾಕಾನ ಬೋರ್ಡೆಂದರೆ ಅವರು ನಿಂತು ಓದದೆ ಹೋಗುವವರಲ್ಲ. ಕನ್ನಡಕ ಏರಿಸಿ ದೊಡ್ಡ ದನಿಯಲ್ಲಿ ಓದಿದರು. ಮೊದಲು ನನ್ನ ಹೆಸರು. ಆಮೇಲೆ, "ಬಿ.ಎ. ಓದಿಸಿದವರು: ನನ್ನ ಕಾಕಾ."

ಕಾಕಾ ಏಣಿಯ ಮೇಲೆಯೇ ನಿಂತುಬಿಟ್ಟ. "ಏನಂದಿ ಸಾಹೇಬ? ಇನ್ನೊಮ್ಮೆ ಓದು."

ಸಾಹೇಬರು ಇನ್ನೊಮ್ಮೆ ಓದಿದರು, ಈ ಸಲ ಮೆಲ್ಲಗೆ.

ಕಾಕಾ ಕೆಳಗಿಳಿದು ನನ್ನ ಮುಂದೆ ನಿಂತ. "ಯಾಕ ಬರಸೀದಿ ಅದನ್ನ? ಊರ ಮಂದಿ ನೋಡ್ತಾರ. ಅಳಸ್ತೇನಿ."

"ಪೇಂಟ್ ಒಣಗೈತಿ ಕಾಕಾ. ಇನ್ನ ಅಳಿಸಾಕ ಬರೂದಿಲ್ಲ."

ಅವನು ನನ್ನ ಕಡೆ ನೋಡಲಿಲ್ಲ. ಲಾಯಕ್ಕೆ ಹೋಗಿ ಮೆಹಬೂಬಾಳ ಕೊರಳಿಗೆ ಮುಖ ಒತ್ತಿ ನಿಂತ. "ಕೇಳಿದ್ರೇನ್ರಿ?" ಎಂದು ಬಹಳ ಮರ್ಯಾದೆಯಿಂದ ಅವಳಿಗೆ ಹೇಳುತ್ತಿದ್ದ. "ನಮ್ಮ ಹುಡುಗಿ ನನಗ ಓದಾಕ ಬರೂದಿಲ್ಲಂತ ಮೋಸ ಮಾಡಿದ್ಲರಿ."