ಇಬ್ಬರು ಅಮರೇಶರು, ಒಂದು ಬುತ್ತಿ ಡಬ್ಬಿ

ಹಾವು, ಚೇಳು, ಮೇಲಧಿಕಾರಿ ಇವು ಯಾವುದಕ್ಕೂ ನಾನು ಅಷ್ಟಾಗಿ ಹೆದರಿದವನಲ್ಲ. ನನ್ನ ಹೆದರಿಕೆಯೆಲ್ಲ ಮರೆವಿನದು. ನಮ್ಮಪ್ಪ ಕೊನೆಯ ಎರಡು ವರ್ಷ ನನ್ನನ್ನು ಕಂಡಾಗಲೆಲ್ಲ, "ತಾವು ಯಾರ ಪೈಕಿ ರೀ?" ಎಂದು ಮರ್ಯಾದೆಯಿಂದ ಕೇಳುತ್ತಿದ್ದರು. ಬದುಕಿಡೀ "ಲೇ" ಎಂದು ಕೂಗಿದವರು ಹಾಗೆ ಬಹುವಚನ ಹಚ್ಚಿದಾಗ ನಾನು ಹಿತ್ತಲಿಗೆ ಹೋಗಿ ಅತ್ತಿದ್ದೇನೆ. ಹೀಗಾಗಿ, ಸಿಂಧನೂರಿನಿಂದ ಮಸ್ಕಿಯ ಕಚೇರಿಗೆ ಹೋಗುವ ಬಸ್ಸಿನಲ್ಲಿ ಒಂದೇ ತಿಂಗಳಲ್ಲಿ ಮೂರನೇ ಬುತ್ತಿ ಡಬ್ಬಿ ಬಿಟ್ಟು ಇಳಿದ ದಿನವೇ ಡಾಕ್ಟರನ್ನು ಕಾಣಲು ನಿಶ್ಚಯಿಸಿದೆ. ಹೆಂಡತಿ ಶಾಂತಾಳಿಗೆ ಚಿಂತೆ ಡಬ್ಬಿಯದು, ನನಗೆ ತಲೆಯದು.

ಲಿಂಗಸುಗೂರಿನ ಡಾಕ್ಟರು, ಮೆದುಳಿನ ಪ್ರೋಟೀನುಗಳನ್ನು ಈಗ ರಕ್ತದಲ್ಲೇ ಅಳೆದು ಮರೆವಿನ ಕಾಯಿಲೆಯ ಸುಳಿವು ನೋಡಬಹುದು, ಆದರೆ ಅದೊಂದರಿಂದಲೇ ಏನೂ ತೀರ್ಮಾನವಾಗುವುದಿಲ್ಲ ಎಂದರು. ನಾನು ಕೇಳಿಸಿಕೊಂಡದ್ದು ಮೊದಲರ್ಧ ಮಾತ್ರ. ಲ್ಯಾಬಿನಲ್ಲಿ ನನ್ನ ಪಕ್ಕ ಹಟ್ಟಿಯ ಗಣಿಯಿಂದ ನಿವೃತ್ತರಾದ ಹಿರಿಯರೊಬ್ಬರು ಅದೇ ಪರೀಕ್ಷೆಗೆ ಬಂದು ಕುಳಿತಿದ್ದರು. ಇಬ್ಬರೂ ರಕ್ತ ಕೊಟ್ಟಾದ ಮೇಲೆ ಸಿಸ್ಟರ್ ಚೀಟಿ ಹಿಡಿದು ಬಂದು, "ಅಮರೇಶ ಅವರ ಫೋನ್ ನಂಬರ್ ಹೇಳ್ರಿ" ಎಂದಳು. ಇಬ್ಬರೂ ಎದ್ದೆವು. ನಮ್ಮ ಸೀಮೆಯಲ್ಲಿ ಅಮರೇಶ್ವರನ ಹರಕೆಯಿಂದ ಹುಟ್ಟಿದವರಿಗೆಲ್ಲ ಅದೇ ಹೆಸರು. ನಿಲ್ದಾಣದಲ್ಲಿ ನಿಂತು ಒಮ್ಮೆ ಕೂಗಿದರೆ ಅರ್ಧ ಬಸ್ಸು ಖಾಲಿಯಾಗುತ್ತದೆ. "ನೀವು ಹೇಳ್ರಿ, ನನಗೇನು ಗಡಿಬಿಡಿ ಇಲ್ಲ" ಎಂದರು ಹಿರಿಯರು. ಚೀಟಿ ಯಾರದೆಂದು ನೋಡುವ ವ್ಯವಧಾನ ನನಗೆಲ್ಲಿಯದು? ನಂಬರು ಒದರಿ ಮಸ್ಕಿ ಬಸ್ಸಿಗೆ ಓಡಿದೆ.

ಹತ್ತು ದಿನಕ್ಕೆ ಫೋನಿಗೆ ವರದಿ ಬಂತು. ಮೇಲೆ ಅಮರೇಶ ಎಂಬ ಹೆಸರು, ಕೆಳಗೆ ಕೆಂಪು ಬಣ್ಣದಲ್ಲೊಂದು ಅಂಕಿ, ಅದರ ಪಕ್ಕ ಮೇಲ್ಮುಖದ ಬಾಣ. ಕುಳಿತ ಕುರ್ಚಿ ನನ್ನ ಕೆಳಗೆ ಇದೆಯೋ ಇಲ್ಲವೋ ತಿಳಿಯದಂತಾಯಿತು. ಮನೆಯಲ್ಲಿ ಬಾಯಿ ಬಿಡದೆ ಮೂರು ದಿನ ಕಳೆದೆ. ಟ್ರಂಕು, ಕಪಾಟುಗಳಿಗೆಲ್ಲ ಒಳಗೇನಿದೆಯೆಂದು ಚೀಟಿ ಅಂಟಿಸಿದೆ. ಶಾಂತಾಳ ಮುಖವನ್ನು ಬಾಯಿಪಾಠ ಮಾಡುವವನಂತೆ ದಿಟ್ಟಿಸುತ್ತ ಕುಳಿತೆ.

"ಹಂಗ್ಯಾಕ ನೋಡಾಕತ್ತೀರಿ?"

"ನಾಳೆ ನಿನಗ ತಾವು ಯಾರ ಪೈಕಿ ಅಂತ ಕೇಳಿದ್ರ ಸಿಟ್ಟಾಗಬ್ಯಾಡ" ಎಂದು ಫೋನು ಕೈಗಿಟ್ಟೆ.

ಅವಳು ಕಣ್ಣೊರೆಸಿಕೊಂಡು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಓದತೊಡಗಿದಳು. "ರೀ, ನಿಮಗ ಎಪ್ಪತ್ತೊಂದು ಯಾವಾಗ ಆತು?"

ನನಗೆ ಐವತ್ತಾರು. ನೂರು ಸಲ ಓದಿದ್ದರೂ ಆ ಬಾಣ ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಲ್ಯಾಬಿನಲ್ಲಿ ಇನ್ನೊಬ್ಬ ಅಮರೇಶರಿದ್ದದ್ದನ್ನು ಅವಳಿಗೆ ಹೇಳಿ ಎದ್ದು ಕುಣಿಯಬೇಕೆಂದಿದ್ದೆ, ಆದರೆ ಶಾಂತಾ ಕುಣಿಯಗೊಡಲಿಲ್ಲ. "ಹಂಗಾದ್ರ ಆ ಹಿರ್ಯಾರು ನಿಮ್ಮ ರಿಪೋರ್ಟ್ ಹಿಡ್ಕೊಂಡು ಕುಂತಾರಲ್ರಿ. ಅವರಿಗೆ ಯಾರು ಹೇಳ್ತಾರ?" ಎಂದಳು. ನನಗೆ ಎರಡನೇ ಸಲ ಕುರ್ಚಿ ಕಾಣದಂತಾಯಿತು.

ಲ್ಯಾಬಿನವರಿಂದ ಹಿರಿಯರ ನಂಬರು ಪಡೆದು, ಬರುತ್ತೇನೆಂದಷ್ಟೇ ಫೋನಿನಲ್ಲಿ ತಿಳಿಸಿ, ಮರುದಿನ ಹಟ್ಟಿಗೆ ಹೋದೆ. ಮಾತು ಹೇಗೆ ತೆಗೆಯುವುದೆಂದು ದಾರಿಯುದ್ದಕ್ಕೂ ಗುನುಗಿಕೊಂಡಿದ್ದೆ. ಬಾಗಿಲಲ್ಲೇ ಅವರು, "ಬರ್ರಿ ಬರ್ರಿ, ಮಸ್ಕಿ ಬಸ್ಸಿನವರು. ನಿಮ್ಮ ರಿಪೋರ್ಟ್ ಛಲೋ ಬಂದೈತಿ. ವಯಸ್ಸು ನೋಡಿದ ಕೂಡ್ಲೇ ನಂದಲ್ಲ ಅಂತ ಗೊತ್ತಾತು" ಎಂದರು. ಒಳಗೆ ಹೋಗಿ ಒಂದು ಬುತ್ತಿ ಡಬ್ಬಿ ತಂದು ಮುಂದಿಟ್ಟರು. ಆವತ್ತು ಲ್ಯಾಬಿನ ಬೆಂಚಿನ ಮೇಲೆ ಬಿಟ್ಟ ನನ್ನ ನಾಲ್ಕನೆಯದು! ತೊಳೆದು ಒಣಗಿಸಿ ಇಟ್ಟಿದ್ದರು.

"ನಂದು ಹೆಂಗೈತ್ರಿ?" ಎಂದು ಕೇಳಿದರು.

ಕಣ್ಣೊರೆಸಿಕೊಳ್ಳುತ್ತ ಫೋನು ಚಾಚಿದೆ. ಅವರು ಬಾಣವನ್ನು ಬಹಳ ಹೊತ್ತು ನೋಡಿದರು. "ಆಗ್ಲಿ ಬಿಡ್ರಿ. ಇಷ್ಟರ ಮ್ಯಾಲೆ ಏನೂ ಹೇಳಾಕ ಬರಂಗಿಲ್ಲ, ಇನ್ನೂ ನೋಡೋದು ಐತಿ ಅಂತ ಡಾಕ್ಟರ್ ಹೇಳ್ಯಾರ. ನೀವ್ಯಾಕ ಅಳ್ತೀರಿ, ಚಾ ಕುಡೀರಿ" ಎಂದರು. ಡಾಕ್ಟರ ಮಾತಿನ ಎರಡನೇ ಅರ್ಧವನ್ನು ಅವರು ಕೇಳಿಸಿಕೊಂಡಿದ್ದರು, ನೆನಪಿಟ್ಟೂ ಇದ್ದರು.

ಮರಳುವ ಬಸ್ಸು ಲಿಂಗಸುಗೂರು ದಾಟುವಾಗ ಅವರ ಫೋನು ಬಂತು. "ಡಬ್ಬಿ ಮತ್ತ ಇಲ್ಲೇ ಐತ್ರಿ, ಅಮರೇಶ ಅವ್ರೇ."

ಕಾಯಿಲೆಯ ಸುಳಿವೇ ಇಲ್ಲವೆಂಬ ನನ್ನ ವರದಿಯನ್ನು ಹಿರಿಯರು ಕಳಿಸಿದ್ದರು, ಅದು ಜೇಬಿನ ಫೋನಿನಲ್ಲಿತ್ತು. ಇನ್ನು ಶಾಂತಾಳ ಮುಂದೆ ನೆಪ ಹೇಳಲು ನನಗೊಂದು ಕಾಯಿಲೆಯೂ ಉಳಿದಿಲ್ಲ.